ಸಹಾಯಕ ಕೋಚ್ ಎಂದರೆ ಚೆಂಡು ತಂದುಕೊಡುವವನೇ?

ಈ ಸಾಲಿನ ಬೋಧನಾಭ್ಯಾಸ ಮುಗಿದಿದೆ. ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯ ಕಡತಗಳು ಒಂದೊಂದಾಗಿ ನನ್ನ ಮೇಜಿಗೆ ಬರುತ್ತಿವೆ. ಬ್ಯಾಸ್ಕೆಟ್‌ಬಾಲ್ ಆಯ್ದುಕೊಂಡವರ ಕಡತಗಳು ನೋಡಲು ಬಲು ಚೆಂದ. ಸ್ಕೇಲಿಟ್ಟು ಬರೆದ ಅಂಕಣದ ನಕ್ಷೆ, 28 ಮೀಟರ್ ಉದ್ದ, 15 ಮೀಟರ್ ಅಗಲ ಎಂಬ ಬಾಣದ ಗುರುತು, ಸುತ್ತ ಸ್ಕೆಚ್ ಪೆನ್ನಿನ ಅಂಚು. ಸಾಮಾನ್ಯ ಉದ್ದೇಶ, ನಿರ್ದಿಷ್ಟ ಉದ್ದೇಶ, ವಾರ್ಮ್ ಅಪ್‌ಗೆ ಇಷ್ಟು ನಿಮಿಷ, ಕೊನೆಯ ಹಾಜರಿಗೆ ಇಷ್ಟು ನಿಮಿಷ, ಎಲ್ಲವೂ ಇದೆ. ಹನ್ನೊಂದು ಕಡತ ನೋಡಿ ಮುಗಿಸಿದೆ. ಒಂದರಲ್ಲಿಯೂ ಒಂದು ಮಗುವಿನ ಸುದ್ದಿ ಇಲ್ಲ. ಹನ್ನೆರಡನೆಯದರ ವಿಷಯ ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ಪ್ರಶಿಕ್ಷಣಾರ್ಥಿಗಳನ್ನು ಇಬ್ಬಿಬ್ಬರಾಗಿ ಶಾಲೆಗೆ ಕಳಿಸುವ ರೂಢಿ. ಒಂದು ದಿನ ಒಬ್ಬರು ಪಾಠ ಮಾಡಿದರೆ ಇನ್ನೊಬ್ಬರು ಸಹಾಯಕ ಕೋಚ್, ಮರುದಿನ ಅದಲುಬದಲು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಮೈದಾನದಲ್ಲಿ ಸಹಾಯಕನ ಕೆಲಸ ಏನಾಗಿದೆ ಎಂದು ನಿಂತು ನೋಡಿ. ಬಲೆಯ ಚೀಲದಲ್ಲಿ ಚೆಂಡು ತರುವುದು, ಗಾಳಿ ಕಡಿಮೆಯಾದರೆ ಪಂಪು ಹೊಡೆಯುವುದು, ಕಾಂಪೌಂಡ್ ಆಚೆ ಹೋದ ಚೆಂಡಿಗೆ ಓಡುವುದು, ಕಡತಕ್ಕೆ ಬೇಕಾದ ಫೋಟೊ ತೆಗೆಯುವುದು. ನಮ್ಮ ಕಾಲದಲ್ಲಿ ಫೋಟೊ ಇರಲಿಲ್ಲ, ಅದರ ಬದಲು ಸುಣ್ಣದ ಗೆರೆ ಹಾಕುವುದಿತ್ತು. ಅಷ್ಟೇ ವ್ಯತ್ಯಾಸ. ಆ ದಿನ ಸಹಾಯಕನಾಗಿ ನಿಂತವನು ಏನು ಕಲಿತ ಎಂದು ನಾವು ಕೇಳುವುದಿಲ್ಲ. ಅವನೂ ಹೇಳುವುದಿಲ್ಲ. ನನ್ನ ದೂರು ಇರುವುದು ಇಲ್ಲಿ, ಮತ್ತು ಅದು ಮೊದಲು ನನ್ನ ಮೇಲೆಯೇ.

ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯಲ್ಲಿ ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೆಣ್ಣುಮಕ್ಕಳ ತಂಡ ಸಿದ್ಧಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಏಳರಿಂದ ಎಂಟೂವರೆ ಅಭ್ಯಾಸ. ಸಹಾಯಕ್ಕೆ ಒಬ್ಬ ಪ್ರಶಿಕ್ಷಣಾರ್ಥಿ, ಒಳ್ಳೆಯ ಹುಡುಗ, ಶಿಸ್ತಿನವನು. ರಿಂಗಿನ ಕೆಳಗೆ ನಿಂತು ಯಾರು ಎಷ್ಟು ಲೇ-ಅಪ್ ಹಾಕಿದರು ಎಂದು ಲೆಕ್ಕ ಬರೆದುಕೊಳ್ಳಲು ಅವನಿಗೆ ಹೇಳಿದ್ದೆ. ನಾನು ಅರ್ಧ ಗೆರೆಯ ಹತ್ತಿರ ನಿಂತು ಸೀಟಿ ಊದುತ್ತಿದ್ದೆ. ನಾಲ್ಕನೆಯ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ರೀಬೌಂಡಿಗೆ ಹಾರಿ ಕೆಳಗಿಳಿದವಳು ಹಾಗೆಯೇ ಕುಸಿದಳು. ಮಂಡಿ ಊದಿಕೊಂಡಿತು. ಆ ವರ್ಷ ಅವಳು ಆಡಲಿಲ್ಲ. ಮರುವರ್ಷ ಅವರಪ್ಪ ಕಳಿಸಲಿಲ್ಲ.

ಸಂಜೆ ಆ ಹುಡುಗ ನನ್ನ ಹತ್ತಿರ ಬಂದು ತಲೆ ತಗ್ಗಿಸಿ ನಿಂತ. "ಸರ್, ಎರಡನೇ ದಿನದಿಂದಲೇ ಅವಳು ಕಾಲು ನೆಟ್ಟಗೆ ಇಟ್ಟುಕೊಂಡೇ ಇಳೀತಿದ್ಳು. ಸಾಲಲ್ಲಿ ನಿಂತಾಗ ಮಂಡಿ ಉಜ್ಕೊಳ್ತಿದ್ಳು" ಅಂದ. ಮತ್ತೆ ಯಾಕಪ್ಪಾ ಹೇಳಲಿಲ್ಲ ಎಂದು ಕೇಳಿದೆ. "ನೀವು ಲೆಕ್ಕ ಬರಿ ಅಂದಿದ್ರಿ ಸರ್. ನಿಮಗೆ ಕಾಣದೇ ಇರುತ್ತಾ ಅಂದ್ಕೊಂಡೆ."

ನನಗೆ ಕಂಡಿರಲಿಲ್ಲ. ಅರ್ಧ ಗೆರೆಯಿಂದ ಹನ್ನೆರಡು ಹುಡುಗಿಯರ ಮಂಡಿ ಕಾಣುವುದಿಲ್ಲ. ರಿಂಗಿನ ಕೆಳಗೆ ನಿಂತವನಿಗೆ ಕಾಣುತ್ತದೆ. ಕಂಡದ್ದನ್ನು ಹೇಳುವ ಹಕ್ಕು ಅವನಿಗಿದೆ ಎಂದು ನಾನು ಒಂದು ಮಾತು ಹೇಳಿರಲಿಲ್ಲ. ನಮ್ಮ ಕಡೆ ಗುರುಗಳಿಗೆ ಎದುರು ಹೇಳಬಾರದು ಎಂದು ಕಲಿತು ಬಂದ ಮಕ್ಕಳು ಇವರು. ಬಿಡಿಸಿ ಹೇಳದಿದ್ದರೆ ಬಾಯಿ ಬಿಡುವುದಿಲ್ಲ.

ಆಟದ ನಿಯಮವೇ ಸಹಾಯಕನಿಗೆ ನಾವು ಕೊಟ್ಟದ್ದಕ್ಕಿಂತ ಹೆಚ್ಚು ಮರ್ಯಾದೆ ಕೊಟ್ಟಿದೆ. ಫೀಬಾ ನಿಯಮಾವಳಿಯ ಪ್ರಕಾರ ಟೈಮ್ ಔಟ್ ಕೇಳುವ ಹಕ್ಕು ಮುಖ್ಯ ಕೋಚ್‌ಗೆ ಇರುವಂತೆ ಮೊದಲ ಸಹಾಯಕ ಕೋಚ್‌ಗೂ ಇದೆ. ಇಬ್ಬರಲ್ಲಿ ಒಬ್ಬರು ಮಾತ್ರ ಆಟದ ಹೊತ್ತಿನಲ್ಲಿ ನಿಂತಿರಬಹುದು, ಆದರೆ ಆ ಒಬ್ಬರು ಯಾರು ಬೇಕಾದರೂ ಆಗಬಹುದು. ಮುಖ್ಯ ಕೋಚ್ ಮುಂದುವರಿಯಲಾಗದಿದ್ದರೆ ತಂಡ ಅವನ ಕೈಗೆ ಬರುತ್ತದೆ. ಇದನ್ನು ನಮ್ಮ ಹುಡುಗರು ನಿಯಮಗಳ ಪತ್ರಿಕೆಯಲ್ಲಿ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಮೈದಾನಕ್ಕೆ ಬಂದರೆ ಬಲೆಚೀಲ ಹೊರುತ್ತಾರೆ.

ಇನ್ನೊಂದು ಮಾತು. ಈ ಆಟ ಹುಟ್ಟಿದ್ದೇ ನಮ್ಮಂಥ ಒಂದು ತರಬೇತಿ ಶಾಲೆಯಲ್ಲಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ 13 ನಿಯಮ ಬರೆದು, ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, ಫುಟ್‌ಬಾಲಿನಿಂದ ಆಡಿಸಿದರು. ಆಡಿದ 18 ಜನ ಮುಂದೆ ಬೇರೆ ಊರುಗಳ ವೈಎಂಸಿಎಗಳಲ್ಲಿ ಕೆಲಸ ಮಾಡಲು ಕಲಿಯುತ್ತಿದ್ದವರು. ಆಟ ಇಷ್ಟು ಬೇಗ ಹರಡಿದ್ದಕ್ಕೆ ಹೀಗೆ ಕಲಿತು ಹೊರಟವರೂ ಒಂದು ಕಾರಣ. ಹೊಸಬರು ಏನು ಮಾಡಿಯಾರು ಎನ್ನುವವರಿಗೆ ಇದನ್ನು ನೆನಪಿಸಬೇಕು ಅನ್ನಿಸುತ್ತದೆ.

ಹಾಗಾದರೆ ಮೊದಲ ಸಲ ಮೈದಾನಕ್ಕೆ ಇಳಿಯುವ ಸಹಾಯಕನಿಗೆ ಏನು ಕಲಿಸಬೇಕು? ಡ್ರಿಲ್‌ಗಳ ಪಟ್ಟಿ ಬೇಡ, ಅದು ಪುಸ್ತಕದಲ್ಲಿದೆ. ನೋಡುವುದನ್ನು ಕಲಿಸಬೇಕು. ನೋಡುವುದು ತಾನಾಗಿ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಬರುವುದಿಲ್ಲ. ಹೊಸಬನ ಕಣ್ಣು ಯಾವಾಗಲೂ ಚೆಂಡಿನ ಹಿಂದೆ ಹೋಗುತ್ತದೆ. ಚೆಂಡು ರಿಂಗಿಗೆ ಬಿತ್ತೋ ಇಲ್ಲವೋ ಎಂದಷ್ಟೇ ಅವನು ಹೇಳಬಲ್ಲ, ಅದನ್ನು ಚೆಂಡು ಹಾಕಿದ ಮಗುವೂ ಹೇಳಬಲ್ಲದು. ಆದ್ದರಿಂದ ಮೊದಲ ವಾರ ಸಹಾಯಕನಿಗೆ ಒಂದೇ ಕೆಲಸ ಕೊಡಿ: ಪಾದ ನೋಡು. ಚೆಂಡು ಎಲ್ಲಿ ಹೋಯಿತೆಂದು ನೋಡಬೇಡ. ಹಾರುವಾಗ ಯಾವ ಕಾಲು, ಇಳಿಯುವಾಗ ಎರಡು ಕಾಲೋ ಒಂದೋ, ಮಂಡಿ ಬಗ್ಗಿತೋ ಇಲ್ಲವೋ. ಎರಡನೇ ವಾರ ಕೈ. ಮೂರನೇ ವಾರ ಸಾಲಿನಲ್ಲಿ ಸುಮ್ಮನೆ ನಿಂತ ಮಕ್ಕಳನ್ನು ನೋಡು. ಹೇಳಲು ಸುಲಭ, ಮಾಡಲು ಬಹಳ ಕಷ್ಟ. ನಾನೇ ಪ್ರಯತ್ನಿಸಿ ನೋಡಿದ್ದೇನೆ, ಹತ್ತು ನಿಮಿಷಕ್ಕೆ ಕಣ್ಣು ಮತ್ತೆ ಚೆಂಡಿಗೆ ಹೋಗಿಬಿಡುತ್ತದೆ.

ಸಾಲಿನಲ್ಲಿ ನಿಂತ ಮಕ್ಕಳ ಮಾತು ಬಂತು, ಲೆಕ್ಕ ಹಾಕಿ ನೋಡಿ. 40 ಮಕ್ಕಳು, ಎರಡು ಚೆಂಡು, ಎರಡು ರಿಂಗು, ಆದ್ದರಿಂದ 20 ಮಕ್ಕಳ ಎರಡು ಸಾಲು. ಒಬ್ಬರ ಸರದಿಗೆ 10 ಸೆಕೆಂಡ್ ಎಂದರೆ ಒಂದು ಸುತ್ತಿಗೆ 200 ಸೆಕೆಂಡ್. ಅವಧಿಯಲ್ಲಿ ಆಟಕ್ಕೆ ಸಿಗುವುದು ಹೆಚ್ಚೆಂದರೆ 25 ನಿಮಿಷ. ಒಂದು ಮಗುವಿಗೆ ಸಿಗುವುದು ಏಳು ಸರದಿ, ಅಂದರೆ ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಉಳಿದ ಹೊತ್ತು ಮಗು ಮುಂದಿನವನ ಬೆನ್ನು ನೋಡುತ್ತ ನಿಂತಿರುತ್ತದೆ. ಆ ಹೊತ್ತು ಸಹಾಯಕನದು. ಚೆಂಡಿಲ್ಲದೆ ಕಲಿಸಬಹುದಾದದ್ದು ಎಷ್ಟೋ ಇದೆ: ನಿಲ್ಲುವುದು, ತಿರುಗುವುದು, ಕಾಪಾಡುವಾಗ ಪಕ್ಕಕ್ಕೆ ಸರಿಯುವುದು, ಹಾರಿ ಮೆತ್ತಗೆ ಇಳಿಯುವುದು. ಆರು ಮಕ್ಕಳನ್ನು ಒಂದು ಮೂಲೆಗೆ ಕರೆದುಕೊಂಡು ಹೋಗಿ ಇಳಿಯುವುದನ್ನಷ್ಟೇ ಕಲಿಸಿದ್ದರೆ ಆ ಹುಡುಗಿಯ ಮಂಡಿ ಉಳಿಯುತ್ತಿತ್ತೋ ಏನೋ. ಖಚಿತವಾಗಿ ಹೇಳಲಾರೆ, ಆದರೆ ಆ ಯೋಚನೆ ನನ್ನನ್ನು ಬಿಟ್ಟಿಲ್ಲ.

ನೋಡಿದ ಮೇಲೆ ಹೇಳುವುದು. ಇಲ್ಲಿಯೂ ನಮ್ಮವರಿಗೆ ಒಂದು ಚಟ, ಎಲ್ಲದಕ್ಕೂ "ವೆರಿ ಗುಡ್, ವೆರಿ ಗುಡ್". ಪಾಠಯೋಜನೆಯಲ್ಲಿ ಪ್ರೋತ್ಸಾಹಕ್ಕೆ ಅಂಕ ಇದೆಯಲ್ಲ, ಅದಕ್ಕೆ. ಅಮೆರಿಕದ ಯುಸಿಎಲ್‌ಎ ತಂಡದ ಕೋಚ್ ಜಾನ್ ವುಡನ್ 10 ಸಲ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆಲ್ಲಿಸಿದವರು. ಕೋಚ್ ಆಗುವ ಕಾಲಕ್ಕೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರೂ ಆಗಿದ್ದರು. ಅವರ ಕೊನೆಯ ವರ್ಷ, 1974-75ರಲ್ಲಿ, ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಸಂಶೋಧಕರು ಅಭ್ಯಾಸದ ಹೊತ್ತಿನಲ್ಲಿ ಕುಳಿತು ಅವರಾಡಿದ ಮಾತುಗಳನ್ನೆಲ್ಲ ಬಗೆಬಗೆಯಾಗಿ ವಿಂಗಡಿಸಿ ಗುರುತು ಹಾಕಿದರು. ಹೆಚ್ಚುಕಡಿಮೆ ಅರ್ಧದಷ್ಟು ಮಾತು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಚಿಕ್ಕ ಚಿಕ್ಕ ಸೂಚನೆ. ಹೊಗಳಿಕೆ ನೂರರಲ್ಲಿ ಏಳು ಕೂಡ ತುಂಬಲಿಲ್ಲ. ಹೊಗಳಬೇಡಿ ಎಂದು ನಾನು ಹೇಳುತ್ತಿಲ್ಲ, ನಮ್ಮ ಹಳ್ಳಿ ಶಾಲೆಯ ಆರನೇ ತರಗತಿಯ ಮಗು ಯುಸಿಎಲ್‌ಎ ಆಟಗಾರನಲ್ಲ. ಆದರೆ "ವೆರಿ ಗುಡ್" ಎಂಬ ಮಾತಿನಿಂದ ಮಗುವಿಗೆ ಮುಂದಿನ ಸಲ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಮೊಣಕೈ ಒಳಗೆ" ಎಂದರೆ ತಿಳಿಯುತ್ತದೆ. ಆ ಸಂಶೋಧಕರು ಮಾಡಿದ್ದನ್ನೇ ನಮ್ಮ ಸಹಾಯಕನೂ ಮಾಡಬಹುದು. ಪಾಠ ಮಾಡುವ ಜೊತೆಗಾರ ಹತ್ತು ನಿಮಿಷದಲ್ಲಿ ಏನೇನು ಹೇಳಿದ ಎಂದು ಗೆರೆ ಎಳೆದುಕೊಳ್ಳಲಿ, ಸಂಜೆ ಇಬ್ಬರೂ ಕುಳಿತು ನೋಡಲಿ. ಸೂಕ್ಷ್ಮ ಬೋಧನೆಯಲ್ಲಿ ತರಗತಿಯೊಳಗೆ ಮಾಡುವುದನ್ನು ಮೈದಾನದಲ್ಲಿ ಏಕೆ ಬಿಟ್ಟೆವೋ ನನಗೆ ಅರ್ಥವಾಗಿಲ್ಲ.

ಹೇಳುವಾಗ ಮೈ ಮುಟ್ಟದೆ ಹೇಳುವುದನ್ನೂ ಕಲಿಸಬೇಕು. ಮೊಣಕೈ ಹಿಡಿದು ತಿರುಗಿಸುವುದು ಹೊಸಬನಿಗೆ ಸುಲಭದ ದಾರಿ. ಹೆಣ್ಣುಮಕ್ಕಳ ಅಭ್ಯಾಸದಲ್ಲಿ ಅದು ಸಲ್ಲದು, ಗಂಡುಮಕ್ಕಳದರಲ್ಲಿಯೂ ಕೇಳದೆ ಮಾಡುವಂಥದ್ದಲ್ಲ. ತಾನು ಮಾಡಿ ತೋರಿಸಲಿ, ಅಥವಾ ಮಾತಿನಲ್ಲಿ ಹೇಳಲಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಹೊಸಬರು ತಪ್ಪು ಕಲಿಸಿಬಿಟ್ಟರೆ, ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಹಳಬರಾದ ನಾವು ಸರಿಯಾಗಿ ಕಲಿಸುತ್ತಿದ್ದೇವೆಯೇ? ಹತ್ತು ವರ್ಷದ ಮಕ್ಕಳನ್ನು 3.05 ಮೀಟರ್ ಎತ್ತರದ ರಿಂಗಿನ ಕೆಳಗೆ ನಿಲ್ಲಿಸಿ, ಗಂಡಸರು ಆಡುವ 7ನೇ ಅಳತೆಯ ಚೆಂಡು ಕೊಟ್ಟು, ಸರಿಯಾಗಿ ಎಸೆ ಎನ್ನುತ್ತೇವೆ. 12 ವರ್ಷದೊಳಗಿನವರ ಮಿನಿ ಬ್ಯಾಸ್ಕೆಟ್‌ಬಾಲಿಗೆ 2.60 ಮೀಟರ್ ರಿಂಗು, 5ನೇ ಅಳತೆಯ ಚೆಂಡು ಎಂದು ಇರುವುದು ನಮಗೆ ಗೊತ್ತಿಲ್ಲವೇ? ಗೊತ್ತು. ಶಾಲೆಯಲ್ಲಿ ಇರುವುದು ಒಂದೇ ಕಂಬ, ಏನು ಮಾಡುವುದು. ಆದರೆ ಮಗು ಚೆಂಡನ್ನು ಸೊಂಟದಿಂದ ಎತ್ತಿ ಬೀಸುವುದು ಭಾರಕ್ಕೆ, ಅಜ್ಞಾನಕ್ಕಲ್ಲ ಎಂದು ಹತ್ತಿರ ನಿಂತ ಸಹಾಯಕ ಹೇಳಿದರೆ, ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಗುಂಡು ಬರೆದು ವಾಲಿಬಾಲಿನಲ್ಲಾದರೂ ಅಭ್ಯಾಸ ಮಾಡಿಸಬಹುದಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ತೊಡಕು ಅಂಕದ್ದು. ಸಹಾಯಕನಾಗಿ ನಿಂತ ದಿನಕ್ಕೆ ನಮ್ಮ ಮೌಲ್ಯಮಾಪನದ ಹಾಳೆಯಲ್ಲಿ ಒಂದು ಸಾಲೂ ಇಲ್ಲ. ಅಂಕವಿಲ್ಲದ ಕೆಲಸವನ್ನು ಯಾರು ಮನಸ್ಸಿಟ್ಟು ಮಾಡುತ್ತಾರೆ? ನಕ್ಷೆಗೆ, ಅಂಚಿಗೆ, ಫೋಟೊಗೆ ಕೊಡುವುದರಲ್ಲಿ ಸ್ವಲ್ಪ ಕಡಿದು, ಸಹಾಯಕನಾಗಿದ್ದ ದಿನ ಕಂಡ ಮೂರು ಸಂಗತಿಗಳನ್ನು ಅರ್ಧ ಪುಟದಲ್ಲಿ ಬರೆದರೆ ಅದಕ್ಕೆ ಅಂಕ ಕೊಡೋಣ ಎಂದು ಮುಂದಿನ ಸಭೆಯಲ್ಲಿ ಕೇಳುವವನಿದ್ದೇನೆ. ಅದರ ಜೊತೆಗೆ, ಅಭ್ಯಾಸ ಮುಗಿದ ಮೇಲೆ ಎರಡು ನಿಮಿಷ ಮುಖ್ಯ ಕೋಚ್ ಬಾಯಿ ಮುಚ್ಚಿಕೊಂಡು ಸಹಾಯಕ ಹೇಳುವುದನ್ನು ಕೇಳಬೇಕು. ನೋವು, ಊತ, ತಲೆಸುತ್ತು ಕಂಡರೆ ಯಾರನ್ನೂ ಕೇಳದೆ ಆಟ ನಿಲ್ಲಿಸುವ ಅಧಿಕಾರ ಸಹಾಯಕನಿಗೆ ಇರಬೇಕು. ಅದನ್ನು ಮೊದಲ ದಿನವೇ ಮಕ್ಕಳ ಎದುರಿಗೆ ಹೇಳಬೇಕು. ಆಗಲೇ ಅವನಿಗೂ ನಂಬಿಕೆ ಬರುವುದು.

ಇನ್ನು ಆ ಹನ್ನೆರಡನೆಯ ಕಡತ. ನಕ್ಷೆ ಓರೆಯಾಗಿದೆ, ಅಂಚಿಲ್ಲ, ಒಂದು ಕಡೆ ಚಹಾದ ಕಲೆ. ಸಹಾಯಕಿಯಾಗಿದ್ದ ದಿನದ ಹಾಳೆಯ ಹಿಂಬದಿಯಲ್ಲಿ ಆ ಪ್ರಶಿಕ್ಷಣಾರ್ಥಿನಿ ಪೆನ್ಸಿಲಿನಲ್ಲಿ ಬರೆದಿದ್ದಾಳೆ: "ಮೂರನೇ ಸಾಲಿನ ಕೊನೆಯ ಹುಡುಗ ಲೇ-ಅಪ್‌ಗೆ ಬಲಗಾಲಿನಿಂದ ಹಾರುತ್ತಾನೆ. ಎರಡು ಸಲ ಎಡಗಾಲು ಎಂದು ತಿದ್ದಿದರು. ಆಮೇಲೆ ಅವನು ಸರದಿ ಬಂದಾಗ ಹಿಂದೆ ಹಿಂದೆ ಸರಿಯತೊಡಗಿದ. ಊಟದ ಹೊತ್ತಿನಲ್ಲಿ ನೋಡಿದೆ, ಎಡಗೈಯಲ್ಲಿ ತಟ್ಟೆ ತೊಳೆಯುತ್ತಿದ್ದ. ಎಡಚ. ಅವನ ಕಾಲು ಸರಿಯಾಗಿಯೇ ಇದೆ."

ಅಂದು ಅವನನ್ನು ಎರಡು ಸಲ ತಿದ್ದಿದವನು ನಾನು, ಮೇಲ್ವಿಚಾರಣೆಗೆ ಹೋಗಿದ್ದಾಗ.