ಗೊಲ್ಲಮನನ್ನು ಏಕೆ ಕೊಲ್ಲಲಿಲ್ಲ?

ಮಾಯಾಲೋಕದ ಇಂಗ್ಲಿಷ್ ಕಾದಂಬರಿಗಳೆಲ್ಲ ಒಂದೇ ಅಚ್ಚಿನವು ಎಂಬ ಆಕ್ಷೇಪವಿದೆ. 1954-55ರಲ್ಲಿ ಮೂರು ಸಂಪುಟಗಳಾಗಿ ಬಂದ ಟೋಲ್ಕೀನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೃತಿಯಲ್ಲೂ ಪರಿಚಿತ ಪಾತ್ರಗಳೇ ಇವೆ: ದಾರಿ ತೋರುವ ವೃದ್ಧ ಮಾಂತ್ರಿಕ ಗ್ಯಾಂಡಾಲ್ಫ್, ಗುರುತು ಮರೆಸಿ ಅಲೆಯುವ ಅರಸುಕುಲದ ಅರಗಾರ್ನ್, ನಂಬಿಗಸ್ತ ಸೇವಕ ಸ್ಯಾಮ್. ಜತೆಗೆ ಕೇಡಿನ ಉಂಗುರ, ದೂರದ ಪಯಣ.

ಯಕ್ಷಗಾನ ಬಲ್ಲ ನಮಗೆ ಇದು ಕೊರತೆಯೆನಿಸಬೇಕಿಲ್ಲ. ಬಣ್ಣದ ವೇಷ ರಂಗಕ್ಕೆ ಬರುವಾಗಲೇ ರಾಕ್ಷಸನೆಂದು ಗೊತ್ತು. ಆದರೂ ಅವನ ಮಾತು ಕೇಳಲು ಕೂರುತ್ತೇವೆ. ವೇಷ ಹಳೆಯದಾದರೂ ಅರ್ಥಗಾರಿಕೆ ಹೊಸದಿರಬೇಕು, ಅಷ್ಟೆ.

ಟೋಲ್ಕೀನರಲ್ಲಿ ಆ ಹೊಸತನವಿದೆ. ಉಂಗುರವನ್ನು ಬೆಂಕಿಗೆಸೆಯಲು ಹೊರಟ ಫ್ರೋಡೊ ಕೊನೆಯ ಗಳಿಗೆಯಲ್ಲಿ ಸೋತು, ಅದು ತನ್ನದೆನ್ನುತ್ತಾನೆ. ಅವನ ಬೆರಳನ್ನೇ ಕಚ್ಚಿ ಉಂಗುರ ಕಸಿದು ಬೆಂಕಿಗೆ ಬೀಳುವವನು ಗೊಲ್ಲಮ್. ಹಿಂದೆ ಬಿಲ್ಬೊ, ಬಳಿಕ ಸ್ವತಃ ಫ್ರೋಡೊ, ಕೊಲ್ಲಬಹುದಾಗಿದ್ದರೂ ಕನಿಕರದಿಂದ ಬಿಟ್ಟ ಜೀವ ಅದು. ಎಂದೋ ತೋರಿದ ಆ ಕನಿಕರವೇ ಲೋಕವನ್ನು ಉಳಿಸಿತು.

ಮಕ್ಕಳ ಕೈಯಲ್ಲಿ ಇಂಥ ಪುಸ್ತಕ ಕಂಡರೆ 'ಭೂತಪ್ರೇತದ ಕಥೆ' ಎಂದು ಹೆತ್ತವರು ಕಿತ್ತಿಡಬಾರದು. ಗೊಲ್ಲಮನನ್ನು ಏಕೆ ಕೊಲ್ಲಲಿಲ್ಲವೆಂದು ಕೇಳಲಿ. ಉತ್ತರವನ್ನು ಮನೆಯಲ್ಲಿ ಕನ್ನಡದಲ್ಲೇ ಹೇಳಿಸಲಿ. ಓದಿದ್ದು ಆಗ ಮಕ್ಕಳದಾಗುತ್ತದೆ, ಭಾಷೆಯೂ ಉಳಿಯುತ್ತದೆ.