ಹುಲ್ಲಿನ ಮೊಳಕೆಗೆ ಕಳೆಯ ಕಾಟ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಬಯಲುಸೀಮೆಯ ಹುಲ್ಲುಗಾವಲುಗಳಲ್ಲಿ ಪೈಪೋಟಿ ಆರಂಭವಾಗುತ್ತದೆ. ಒಂದೆಡೆ ದನಕರುಗಳ ಮೇವಾಗಬೇಕಾದ ನಾಡಹುಲ್ಲಿನ ಎಳೆಯ ಮೊಳಕೆ. ಇನ್ನೊಂದೆಡೆ ಅಮೆರಿಕ ಖಂಡದಿಂದ ಬಂದ ಪಾರ್ಥೇನಿಯಂ, ಅಂದರೆ ನಮ್ಮ ಜನರ ಬಾಯಲ್ಲಿರುವ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಳೆ ಇಂದು ದೇಶದ ಉದ್ದಗಲಕ್ಕೂ ಹಬ್ಬಿದೆ.

ಹುಲ್ಲು ಸೋಲುವುದೇಕೆ? ಕಾರಣ ಮೂರು. ಚೆನ್ನಾಗಿ ಬೆಳೆದ ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಎಳೆಯ ಗಿಡದ ಎಲೆಗಳು ನೆಲಕ್ಕೊತ್ತಿಕೊಂಡು ಸುತ್ತಲೂ ಹರಡಿ, ಕೆಳಗಿನ ಮೊಳಕೆಗೆ ಬಿಸಿಲು ತಪ್ಪಿಸುತ್ತವೆ. ಮೂರನೆಯದು ವಿಷ. ಬೇರು ಮತ್ತು ಕೊಳೆತ ಎಲೆಗಳಿಂದ ಮಣ್ಣಿಗಿಳಿಯುವ ಪಾರ್ಥೆನಿನ್ ಮುಂತಾದ ರಾಸಾಯನಿಕಗಳು ಬೀಜ ಮೊಳೆಯುವುದನ್ನೂ ಬೇರು ಬೆಳೆಯುವುದನ್ನೂ ಕುಂಠಿತಗೊಳಿಸುತ್ತವೆ. ಬೇರು ಆಳಕ್ಕಿಳಿಯದ ಸಸಿ, ಮಳೆ ಕೆಲದಿನ ಕೈಕೊಟ್ಟರೂ ಒಣಗಿಹೋಗುತ್ತದೆ.

ಬಲಿತ ಹುಲ್ಲು ಹೇಗೋ ತಡೆದುಕೊಂಡೀತು. ಆದರೆ ಹೊಸ ಸಸಿ ಏಳದಿದ್ದರೆ ಹುಲ್ಲುಗಾವಲು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತದೆ. ಅತಿಯಾಗಿ ಮೇಯಿಸಿದ ನೆಲದಲ್ಲಂತೂ ಕಳೆಗೆ ಹಬ್ಬ.

ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಜೀರುಂಡೆಯೊಂದು ಇದರ ಎಲೆ ತಿನ್ನುತ್ತದೆ, ಅದೊಂದೇ ಸಾಲದು. ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಆದರೆ ಪಾಲಕರೇ, ಮಕ್ಕಳನ್ನು ಬರಿಗೈಯಲ್ಲಿ ಈ ಕೆಲಸಕ್ಕೆ ಬಿಡಬೇಡಿ. ಹುಲ್ಲಿನ ಬೇರನ್ನು ಕಾಡುವ ಆ ಪಾರ್ಥೆನಿನ್ ಮನುಷ್ಯರ ಚರ್ಮಕ್ಕೂ ಕಜ್ಜಿ, ತುರಿಕೆ ತರುತ್ತದೆ.