ರೋಸ್ ಈರುಳ್ಳಿ: ತಡವಾಗಿ ಬರುವ ವಿನಾಯಿತಿ

ಚಿಕ್ಕಬಳ್ಳಾಪುರ: ಉತ್ತರದ ಪೇಟೆಗಳಲ್ಲಿ ಈರುಳ್ಳಿ ದರ ಏರಿದೊಡನೆ ಕೇಂದ್ರ ಸರ್ಕಾರ ರಫ್ತಿಗೆ ಕಡಿವಾಣ ಹಾಕುವುದು ವಾಡಿಕೆ. ದೇಶದ ಅಡುಗೆಮನೆಗಳು ಹೆಚ್ಚಾಗಿ ಬಳಸದ ಈರುಳ್ಳಿಯೂ ಅದೇ ಬಲೆಗೆ ಬೀಳುತ್ತದೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಸೀಮೆಯ 'ಬೆಂಗಳೂರು ರೋಸ್' ಈರುಳ್ಳಿಯ ಪಾಡು ಇದು. ಗಡ್ಡೆ ಚಿಕ್ಕದು, ಬಣ್ಣ ಕಡುಗೆಂಪು, ಘಾಟು ಹೆಚ್ಚು. ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾಗಳಲ್ಲಿ ಬೇಡಿಕೆಯಿದೆ. ಸ್ಥಳೀಯ ಸಂತೆಯಲ್ಲಿ ಕೇಳುವವರು ಕಡಿಮೆ.

2020ರ ಸೆಪ್ಟೆಂಬರ್ 14ರಂದು ಈರುಳ್ಳಿ ರಫ್ತು ನಿಷೇಧವಾಯಿತು. ಅಕ್ಟೋಬರ್ 9ರಂದು 10,000 ಟನ್ ರೋಸ್ ಈರುಳ್ಳಿಗೆ ಅನುಮತಿ ದೊರೆಯಿತಾದರೂ ಚೆನ್ನೈ ಬಂದರಿನಿಂದ ಮಾತ್ರ ಸಾಗಿಸಬೇಕಿತ್ತು. 2023ರ ಆಗಸ್ಟ್ 19ರಂದು ಶೇ 40ರಷ್ಟು ರಫ್ತು ಸುಂಕ ಬಂತು. ರೋಸ್ ಈರುಳ್ಳಿಗೆ ವಿನಾಯಿತಿ ಸಿಕ್ಕಿದ್ದು ಸೆಪ್ಟೆಂಬರ್ 29ರಂದು. ನಡುವೆ ಕಳೆದದ್ದು 41 ದಿನ. ಮಳೆಗಾಲದಲ್ಲಿ ಕಿತ್ತ ಗಡ್ಡೆ ಅಷ್ಟು ದಿನ ಕಾಯುವುದೆಂತು?

ಸುಂಕ ಕಟ್ಟುವವನು ರಫ್ತುದಾರ. ಆದರೆ ವಿದೇಶದ ಖರೀದಿದಾರ ಮೊದಲೇ ಒಪ್ಪಿದ ದರಕ್ಕಿಂತ ಹೆಚ್ಚು ಕೊಡಲಾರ. ನೂರು ರೂಪಾಯಿ ಸರಕಿನ ಮೇಲಿನ ನಲವತ್ತು ರೂಪಾಯಿಯನ್ನು ದೊಡ್ಡ ಸಂಸ್ಥೆ ಬೇರೆ ವಹಿವಾಟಿನಿಂದ ತುಂಬಿಕೊಳ್ಳಬಹುದು. ಹತ್ತಾರು ರೈತರಿಂದ ಮೂಟೆ ಸೇರಿಸಿ ಒಂದು ಕಂಟೇನರ್ ತುಂಬಿಸುವ ಸಣ್ಣ ವರ್ತಕ ಮಾಡುವುದು ಒಂದೇ: ಹೊಲದಲ್ಲಿಯೇ ದರ ಇಳಿಸುವುದು, ಇಲ್ಲವೇ ಖರೀದಿ ನಿಲ್ಲಿಸುವುದು.

ವಿನಾಯಿತಿಗೊಂದು ಷರತ್ತೂ ಇತ್ತು. ಸರಕು ರೋಸ್ ಈರುಳ್ಳಿಯೇ, ಅದರ ಪ್ರಮಾಣ ಎಷ್ಟು ಎಂಬುದಕ್ಕೆ ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕು. ಇದನ್ನು ಅನಗತ್ಯ ಎನ್ನಲಾಗದು. ಇಲ್ಲದಿದ್ದರೆ ಬೇರೆ ಸಣ್ಣ ಈರುಳ್ಳಿಯೂ ಇದೇ ಹೆಸರಿನಲ್ಲಿ ಹಡಗು ಹತ್ತೀತು. ಆದರೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಳೆಗೂ ಪ್ರತಿ ಸಲ ಗುರುತಿನ ಚೀಟಿ ಕೇಳುವಾಗ, ಆ ಮಾನ್ಯತೆಯಿಂದ ಬಂದ ಲಾಭವೇನು ಎಂಬ ಪ್ರಶ್ನೆ ಸಹಜ. ಲಾಲ್‌ಬಾಗ್‌ನ ಕಚೇರಿಗೆ ಓಡಾಡುವ ಖರ್ಚು ದೊಡ್ಡವರಿಗೆ ಲೆಕ್ಕಕ್ಕಿಲ್ಲ, ಒಂದೇ ಕಂಟೇನರ್‌ನವನಿಗೆ ಲೆಕ್ಕಕ್ಕಿದೆ.

2023ರ ಡಿಸೆಂಬರ್ 8ರಂದು ಮತ್ತೆ ಈರುಳ್ಳಿ ರಫ್ತು ನಿಷೇಧ. 2024ರ ಮೇ 4ರಂದು ಅದು ತೆರವಾದರೂ ಶೇ 40ರ ಸುಂಕ ಉಳಿಯಿತು. ರೋಸ್ ಈರುಳ್ಳಿಗೆ ವಿನಾಯಿತಿ ಬಂದದ್ದು ಆ ತಿಂಗಳ ಕೊನೆಗೆ, ಅದೇ ಪ್ರಮಾಣಪತ್ರದ ಷರತ್ತಿನೊಡನೆ. ಸೆಪ್ಟೆಂಬರ್‌ನಲ್ಲಿ ಇತರ ಈರುಳ್ಳಿಯ ಸುಂಕ ಶೇ 20ಕ್ಕೆ ಇಳಿದು, 2025ರ ಏಪ್ರಿಲ್ 1ರಿಂದ ಪೂರ್ಣವಾಗಿ ರದ್ದಾಯಿತು.

ಮೂರು ಸಲವೂ ಆದೇಶ ಮೊದಲು, ವಿನಾಯಿತಿ ಆಮೇಲೆ. ನಿರ್ಬಂಧದ ಆದೇಶದಲ್ಲಿಯೇ ರೋಸ್ ಈರುಳ್ಳಿಯನ್ನು ಹೊರಗಿಡುವ ಒಂದು ಸಾಲು ಸೇರಿಸಲು ಹೊಸ ಕಾನೂನೇನೂ ಬೇಕಿಲ್ಲ.